ಕಡವಿನ ಕ್ಯಾಮೆರಾ

ಹುಣಸೆ ಮರದ ಮೇಲೆ ಆ ಕ್ಯಾಮೆರಾ ಕಟ್ಟಿದ್ದು ನಾನೇ. ಏಣಿ ಹಿಡ್ಕೊಂಡು ಕೆಳಗೆ ನಿಂತಿದ್ದವರು ನಮ್ಮ ಭಾವ, ಅಕ್ಕನ ಗಂಡ. "ಬಿದ್ದುಗಿದ್ದೀಯಾ ಲಾ, ಆಮ್ಯಾಕೆ ನಿಮ್ಮಕ್ಕ ನಂಗೆ ಮುದ್ದೆ ಇಕ್ಕಾಕಿಲ್ಲ" ಅಂತ ಕೂಗ್ತಾ ಇದ್ರು. ಸೋಲಾರ್ ಹಲಗೆ ಒಂದು ಕೊಂಬೆಗೆ, ಸಿಮ್ ಹಾಕಿದ ಡಬ್ಬಿ ಇನ್ನೊಂದು ಕೊಂಬೆಗೆ, ಕ್ಯಾಮೆರಾ ಎಲ್ಲಕ್ಕಿಂತ ಮೇಲೆ. ಅಲ್ಲಿಂದ ಕೆಳಗಿನ ಕಡವು, ಅಂದ್ರೆ ಕುರಿ ಹಳ್ಳ ದಾಟೋ ಜಾಗ, ಪೂರ್ತಿ ಕಾಣ್ತಿತ್ತು. ದೂರದಲ್ಲಿ ಹಳ್ಳ ತಿರುಗೋ ಕಡೆ ಒಂದು ದೊಡ್ಡ ಬಂಡೆ. ಹಿಂದಿನ ದಿನವೇ ನಾನೂ ಭಾವನೂ ಹೋಗಿ ಅದಕ್ಕೆ ಸುಣ್ಣ ಬಳಿದು ಬಂದಿದ್ವಿ. ಬಂಡೆಯ ಬುಡ ಒಣಗಿದ್ರೆ ದಾಟಬಹುದು, ಬುಡದಲ್ಲಿ ನೀರು ಕಂಡ್ರೆ ದಾಟಬಾರದು. ಅಷ್ಟೇ. ಇಷ್ಟು ಸುಲಭದ ಕೆಲಸ ಇನ್ನೊಂದಿಲ್ಲ ಅಂದ್ಕೊಂಡು ಮರ ಇಳಿದೆ.

ನಮ್ಮದು ಮೇಟೂರು ಕಡೆಯ ಕೊಳತ್ತೂರಿನ ಹತ್ತಿರದ ಕನ್ನಡದ ಮನೆಗಳು. ಹೊಸ್ತಿಲ ಒಳಗೆ ಕನ್ನಡ, ಬೀದಿಗೆ ಇಳಿದ್ರೆ ತಮಿಳು. ಓದಿದ್ದೆಲ್ಲ ತಮಿಳಲ್ಲಿ. ಕನ್ನಡ ಅಕ್ಷರ ಕಲಿತದ್ದು ಮಾದೇಶ್ವರನ ಬೆಟ್ಟಕ್ಕೆ ಹೋಗೋ ಬಸ್ಸಿನ ಬೋರ್ಡು ನೋಡಿ, ತಪ್ಪು ಕಂಡ್ರೆ ಬೈಕೊಳ್ಳಿ, ಪರವಾಗಿಲ್ಲ. ತಾತನ ಕಾಲದಿಂದ ನಮಗೆ ಕುರಿಯೇ ಜೀವನ. ನಾನೊಬ್ಬ ಅದನ್ನ ಬಿಟ್ಟು ಬಸ್ ಸ್ಟ್ಯಾಂಡ್ ಪಕ್ಕ ಫೋಟೋ ಸ್ಟುಡಿಯೋ ಇಟ್ಟೆ. ಮಂದೆ ಅಕ್ಕನ ಮನೆಗೆ ಹೋಯ್ತು. ಅವರಿಗೆ ಮಕ್ಕಳಿಲ್ಲ. ಭಾವ ಒಂದೊಂದು ಕುರಿನೂ ಮುಖ ನೋಡಿ ಗುರುತು ಹಿಡೀತಿದ್ರು, ಒಂದೊಂದಕ್ಕೂ ಬೇರೆ ಬೇರೆ ಬೈಗುಳ ಇಟ್ಟಿದ್ರು.

ಆ ಹಳ್ಳ ಕಾಡಿನ ಬೆಟ್ಟದಿಂದ ಇಳಿದು ಮೇಟೂರು ಡ್ಯಾಮಿನ ನೀರಿಗೆ ಸೇರುತ್ತೆ. ವರ್ಷದಲ್ಲಿ ಮುಕ್ಕಾಲು ಪಾಲು ಬರೀ ಮರಳು. ಆಚೆ ದಡದ ಮೇಡಿನಲ್ಲಿ, ಅಂದ್ರೆ ದಿಬ್ಬದಲ್ಲಿ, ಒಳ್ಳೆ ಹುಲ್ಲು. ಹಾಗಾಗಿ ಬೆಳಿಗ್ಗೆ ದಾಟಿ ಹೋಗಿ ಸಾಯಂಕಾಲ ದಾಟಿ ಬರಬೇಕು. ತೊಂದರೆ ಏನಪ್ಪಾ ಅಂದ್ರೆ, ಇಲ್ಲಿ ನೆತ್ತಿ ಸುಡೋ ಬಿಸಿಲಿದ್ದಾಗಲೇ ಬೆಟ್ಟದ ಮೇಲೆ ಮಳೆ ಹುಯ್ದಿರುತ್ತೆ. ನಮಗೆ ಒಂದು ಹನಿ ಇಲ್ಲ, ಗುಡುಗೂ ಕೇಳಲ್ಲ. ನೀರು ಮಾತ್ರ ಬರುತ್ತೆ, ಕೆಂಪಗೆ, ಮರ ಮುಳ್ಳು ಎಲ್ಲಾನೂ ಎಳ್ಕೊಂಡು. ಕಡವಿಗೆ ಇಳಿಯೋ ದಾರಿಯ ಎರಡೂ ಕಡೆ ಸೀಮೆಜಾಲಿ ಬೆಳೆದು ನಿಂತಿದೆ. ಕೆಳಗೆ ಇರೋನಿಗೆ ಮೇಲಿನ ಹಳ್ಳ ಕಾಣಲ್ಲ. ಮುಂದಿನ ಟಗರು ಇಳಿದ ಮೇಲೆ ಇಡೀ ಮಂದೆ ಅದರ ಹಿಂದೆ ಇಳಿಯುತ್ತೆ, ದೇವರೇ ಬಂದು ಅಡ್ಡ ನಿಂತ್ರೂ ತಿರುಗಲ್ಲ.

ಅದಕ್ಕೇ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಕುರಿ ಬಿಡೋ ಮೊದಲು ಕುರಿಯವನು ಒಬ್ಬನೇ ಹಳ್ಳಕ್ಕೆ ಇಳಿದು, ತಲೆಯ ಟವೆಲ್ ಬಿಚ್ಚಿ, ಮರಳಿಗೆ ಕಿವಿ ಇಟ್ಟು ಮಲಗ್ತಾನೆ. ಒಂದು ಎಲೆ ಅಡಿಕೆ ಅಗಿದು ಉಗುಳೋಷ್ಟು ಹೊತ್ತು. ಮೇಲಿಂದ ನೀರು ಬರ್ತಿದ್ರೆ ಮರಳಿನ ಒಳಗೆ ಒಂದು ಸದ್ದು ಕೇಳುತ್ತೆ. ನಮ್ಮಪ್ಪ ಹಾಗೆ ಮಲಗಿದ್ದನ್ನ ನಾನೇ ನೋಡಿದ್ದೀನಿ. ಭಾವನೂ ವರ್ಷಾನುಗಟ್ಲೆ ಮಲಗಿದ್ರು. ಆಮೇಲೆ ಮಂಡಿ ಹಿಡ್ಕೊಂತು. ಮಲಗಿದ್ರೆ ಏಳೋಕೆ ಟಗರಿನ ಕೊಂಬು ಹಿಡೀಬೇಕಾಯ್ತು. ಅಕ್ಕನಿಗೆ ಅದನ್ನ ನೋಡೋಕಾಗ್ಲಿಲ್ಲ. ಒಂದಿನ ಸ್ಟುಡಿಯೋಗೆ ಬಂದು ಕೂತು ಹೇಳಿದಳು: "ಕಂಡೋರ ಮದುವೆ ಎಲ್ಲಾ ಫೋನಲ್ಲಿ ತೋರಿಸ್ತೀಯಲ್ಲ, ನಿಮ್ ಭಾವಂಗೂ ಒಂದು ಮಾಡಿಕೊಡು ಲಾ. ನಾನು ಮನೇಲಿ ಕುಂತು ಹಳ್ಳ ನೋಡ್ತೀನಿ, ಒಣಗೈತೆ ಅಂದ್ರೆ ಅವ್ರು ಇಳೀಲಿ." ಆಯ್ತು ಬಿಡಕ್ಕ ಅಂದೆ. ಅವಳು ನನ್ನ ಹತ್ರ ಏನನ್ನೂ ಕೇಳಿದವಳಲ್ಲ.

ಕಂಡವರ ಮದುವೆ ತೋರ್ಸೋದೇ ಆಗ ನನ್ನ ಕೆಲಸ. ಫೋಟೋಗೆ ಈಗ ಯಾರು ಬರ್ತಾರೆ, ಎಲ್ಲರ ಕೈಯಲ್ಲೂ ಫೋನಿದೆ. ಆದ್ರೆ ನಮ್ಮ ಕಡೆ ಗಂಡಸರು ಅರ್ಧಕ್ಕರ್ಧ ಶಂಕಗಿರಿ ಲಾರಿ ಹತ್ತಿ ಎಲ್ಲೋ ಉತ್ತರದ ಕಡೆ ಇರ್ತಾರೆ. ತಂಗಿ ಮದುವೆ, ಅಣ್ಣನ ಮಗಳ ಕಿವಿ ಚುಚ್ಚೋದು, ಅಜ್ಜಿ ಮಣ್ಣು, ಎಲ್ಲಾನೂ ರಸ್ತೆ ಬದಿ ಲಾರಿ ನಿಲ್ಲಿಸಿ ಫೋನಲ್ಲೇ ನೋಡ್ತಾರೆ. ಅದಕ್ಕೆ ನಾನು 'ನೇರಲೈ' ಅಂತ ಬೋರ್ಡ್ ಹಾಕಿದೆ. ತಮಿಳಲ್ಲಿ ನೇರ ಪ್ರಸಾರಕ್ಕೆ ಹಾಗಂತಾರೆ. ನೋಡೋಕೆ ಒಂದು ಪೇಜ್ ಮಾಡಿದೆ, ಮೂಲೆಯಲ್ಲಿ ಕೆಂಪು ಚುಕ್ಕಿ ಇಟ್ಟೆ.

ಇದರಲ್ಲಿ ಕಷ್ಟ ಏನು ಅಂದ್ರೆ ಟವರ್. ಈ ಗುಡ್ಡದ ಊರುಗಳಲ್ಲಿ ಸಿಗ್ನಲ್ ಒಂದು ಗಳಿಗೆ ಇದ್ದಂಗೆ ಇನ್ನೊಂದು ಗಳಿಗೆ ಇರಲ್ಲ. ಚಿತ್ರ ನಿಂತು ಚಕ್ರ ತಿರುಗೋಕೆ ಶುರುವಾದ್ರೆ ಜನ ನನ್ನ ವಂಶಾನೇ ಎತ್ತಿ ಬೈತಿದ್ರು. ಕೂತು ಕಲಿತೆ. ಒಂದೇ ಚಿತ್ರಾನ ದೊಡ್ಡದು, ನಡುವಿನದು, ಚಿಕ್ಕದು ಅಂತ ಮೂರು ಥರ ಕಳಿಸೋದು. ದಾರಿ ಅಗಲ ಇದ್ರೆ ಬಿಂದಿಗೆಯಲ್ಲಿ ನೀರು ತರ್ತೀವಿ, ಇಕ್ಕಟ್ಟಾದ್ರೆ ಚೊಂಬಲ್ಲಿ ತರ್ತೀವಿ, ಹಂಗೆ. ಸಿಗ್ನಲ್ ಇಳಿದ್ರೆ ಫೋನ್ ತಾನಾಗೇ ಚಿಕ್ಕ ಚಿತ್ರಕ್ಕೆ ಇಳಿಯುತ್ತೆ, ಮುಖ ಸ್ವಲ್ಪ ಮಸುಕಾಗುತ್ತೆ, ನಿಲ್ಲೋದಿಲ್ಲ. ಜೊತೆಗೆ ಮುಂದೆ ತೋರ್ಸಬೇಕಾದ್ದನ್ನ ಒಂದಿಷ್ಟು ಮೊದಲೇ ತುಂಬಿಸಿ ಇಟ್ಕೊಳ್ಳುತ್ತೆ. ಟವರ್ ಪೂರ್ತಿ ಹೋದ್ರೂ ಅದನ್ನ ತೋರಿಸ್ತಾ ಇರುತ್ತೆ. ಅದೂ ಖಾಲಿಯಾದ್ರೆ ಮಾತ್ರ ನಿಲ್ಲಬೇಕು. ನಿಂತು ಮತ್ತೆ ಸಿಗ್ನಲ್ ಬಂದಾಗ ಎರಡು ದಾರಿ. ನಡುವೆ ಕಳೆದದ್ದನ್ನ ಬಿಟ್ಟು ಈಗ ಏನಾಗ್ತಿದೆಯೋ ಅಲ್ಲಿಗೆ ಹಾರೋದು. ಇಲ್ಲಾ, ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಸೋದು.

ಮೊದಮೊದಲು ನನ್ನ ಪೇಜ್ ಹಾರ್ತಿತ್ತು. ಹಾರಿದ್ದರಿಂದಲೇ ಒಂದು ಮದುವೆ ಕೆಟ್ಟೋಯ್ತು. ಹುಡುಗಿಯ ಅಜ್ಜಿ ಬೆಟ್ಟದ ಮೇಲಿನ ಹಟ್ಟಿಯಲ್ಲಿ, ನಡೆಯೋಕಾಗದೆ ಮನೆಯಲ್ಲೇ ಇದ್ಲು. ತಾಳಿ ಕಟ್ಟೋ ಹೊತ್ತಿಗೆ ಫೋನಿನ ಮುಂದೆ ಅಕ್ಷತೆ ಹಿಡ್ಕೊಂಡು ಕೂತಿದ್ಲು. ನಮ್ಮ ಕಡೆ ಹಾಗೇ, ಕಣ್ಣಿಂದ ತಾಳಿ ನೋಡಿ ಕೈಯಿಂದ ಅಕ್ಕಿ ಬಿಡಬೇಕು, ಫೋನಾದ್ರೂ ಸರಿ. ಗಟ್ಟಿಮೇಳ ಶುರುವಾಗ್ತಿದ್ದಂಗೆ ಟವರ್ ಹೋಯ್ತು. ಬಂದಾಗ ಚಿತ್ರ ಹಾರಿ ಊಟದ ಪಂಕ್ತಿಗೆ ಹೋಗಿತ್ತು. ಮುದುಕಿ ಅಕ್ಷತೆ ಕೆಳಗೆ ಹಾಕ್ಲೇ ಇಲ್ವಂತೆ, ಮುಷ್ಟಿ ಬಿಗಿ ಹಿಡ್ಕೊಂಡು ಅತ್ತಳಂತೆ. ಸಾಯಂಕಾಲ ನನಗೇ ಫೋನ್ ಮಾಡಿಸಿ ಕೂಗಿದಳು: "ನನ್ ಮೊಮ್ಮಗಳ ತಾಳಿ ನುಂಗ್ಬಿಟ್ಟೆಯಲ್ಲೋ ಪಾಪಿ! ನಿನ್ ಮನೇಲೂ ಕಣ್ಣೀರು ಸುರೀಲಿ!" ನನಗೆ ಕೋಪ ನೆತ್ತಿಗೇರಿತು. ಬೈದದ್ದಕ್ಕಲ್ಲ, ಅವಳು ಹೇಳಿದ್ದು ನಿಜ ಅನ್ನೋದಕ್ಕೆ. ಅವತ್ತೇ ಪೇಜ್ ಬಿಚ್ಚಿ ಬದಲಾಯಿಸಿದೆ. ಇನ್ಮೇಲೆ ಏನೂ ಹಾರಬಾರದು. ಎಷ್ಟು ಸಲ ನಿಂತ್ರೂ ನಿಂತ ಕಡೆಯಿಂದಲೇ ಶುರುವಾಗಬೇಕು. ಒಂದು ಅಕ್ಕಿಕಾಳು ಬಿದ್ದದ್ದೂ ತಪ್ಪಬಾರದು. ಮೂಲೆಯಲ್ಲಿದ್ದ ಗಡಿಯಾರಾನೂ ತೆಗೆದೆ, ಮದುಮಗಳ ಮುಖದ ಪಕ್ಕ ಅದ್ಯಾಕೆ ಅಂತ.

ಜನ ಹೊಗಳಿದ್ರು. ಧರ್ಮಪುರಿ ಕಡೆಯಿಂದ, ಕಂಬೈನಲ್ಲೂರಿಂದ ಎಲ್ಲಾ ಕೆಲಸಕ್ಕೆ ಕರೆದ್ರು. ಚಿತ್ರ ಐದು ನಿಮಿಷ ಹಿಂದೆ ಬಿದ್ರೆ ಮದುವೆಗೇನು ನಷ್ಟ? ತಾಳಿ ಐದು ನಿಮಿಷ ತಡವಾಗಿ ಕಂಡ್ರೂ ತಾಳಿಯೇ.

ಹಳ್ಳದ ಕ್ಯಾಮೆರಾಗೂ ಅದೇ ಪೇಜ್ ಕೊಟ್ಟೆ. ಹೊಸದು ಮಾಡೋಕೆ ಅರ್ಧ ದಿನ ಸಾಕಾಗ್ತಿತ್ತು. ಸೋಮಾರಿತನ ಅಂತ ಹೇಳ್ಕೊಂಡು ತಪ್ಪಿಸ್ಕೋಬಹುದು, ಆದ್ರೆ ಅದು ಸೋಮಾರಿತನವೂ ಅಲ್ಲ. ನನ್ನ ಹತ್ರ ಇರೋದರಲ್ಲೇ ಒಳ್ಳೇದನ್ನ ಅಕ್ಕನಿಗೆ ಕೊಡ್ತಿದ್ದೀನಿ ಅಂದ್ಕೊಂಡಿದ್ದೆ. ಹಾರಲ್ಲ, ನಿಲ್ಲಲ್ಲ. ಥೂ, ನನ್ನ ಬುದ್ಧಿಗೆ ಬೆಂಕಿ ಹಾಕ.

ಅಕ್ಕನಿಗೆ ಆ ಫೋನ್ ಒಂದು ಸಂಭ್ರಮ. ಬೆಳಿಗ್ಗೆ ಭಾವ ಹೊರಟ ಕೂಡಲೇ ಪೇಜ್ ತೆಗೆದು, ಚಾರ್ಜರ್ ಸಿಕ್ಕಿಸಿ, ಚೊಂಬಿಗೆ ಒರಗಿಸಿ ಜಗಲಿ ಮೇಲೆ ಇಡ್ತಿದ್ಲು. ಸಾಯಂಕಾಲದವರೆಗೂ ಮುಚ್ಚುತ್ತಿರಲಿಲ್ಲ. ಭಾವನ ಹತ್ರ ಇದ್ದದ್ದು ಬಟನ್ ಫೋನು. ಮಂದೆ ತಿರುಗ್ಸೋ ಮೊದಲು ಮೇಡಿನ ಮೇಲೆ ನಿಂತು ಒಂದು ಕಾಲ್ ಮಾಡ್ತಿದ್ರು. "ಕಡವು ಎಂಗೈತೆ?" "ಒಣಗೈತೆ, ಬನ್ನಿ." ಅಷ್ಟೇ ಮಾತು. ಮರಳಿಗೆ ಕಿವಿ ಇಡೋದು ನಿಂತೋಯ್ತು. ಭಾವ ನನಗೆ ರೇಗಿಸ್ತಿದ್ರು: "ನಿಮ್ಮಕ್ಕ ಈಗ ಕಡವಿನ ಪಾರುಪತ್ತೇಗಾರ್ತಿ ಕಣ್ಲಾ. ಅವಳ ಪರ್ಮಿಟ್ ಇಲ್ದೆ ಒಂದು ಕುರೀನೂ ದಾಟಂಗಿಲ್ಲ."

ಒಂದು ಸಲ ನನಗೆ ಸೂಚನೆ ಸಿಕ್ಕಿತ್ತು. ಹೋದ ವರ್ಷ ಆಡಿ ತಿಂಗಳು, ಅಂದ್ರೆ ಆಷಾಢ. ಅಕ್ಕನ ಮನೆ ಜಗಲಿ ಮೇಲೆ ಕೂತು ಮಜ್ಜಿಗೆ ಕುಡೀತಿದ್ದೆ. ಆಕಾಶ ಪೂರ್ತಿ ಮೋಡ, ಅಂಗಳದಲ್ಲಿ ನೆರಳೇ ಇಲ್ಲ. ಫೋನಿನಲ್ಲಿ ಮಾತ್ರ ಕಡವಿನ ಮರಳು ಬೆಳ್ಳಗೆ ಹೊಳೀತಿತ್ತು, ಹುಣಸೆ ಮರದ ನೆರಳು ಕರ್ರಗೆ ಬಿದ್ದಿತ್ತು. ಹಳ್ಳ ಅಲ್ಲಿಂದ ಏನು ಮಹಾ ದೂರ? ಕೈ ಚಾಚಿ ಪೇಜ್ ಮುಚ್ಚಿ ಮತ್ತೆ ತೆಗೆಯೋಣ, ಹಾಗೆ ಮಾಡಿದ್ರೆ ಈ ಗಳಿಗೆಯ ಚಿತ್ರ ಬರುತ್ತೆ, ಅಂತಿದ್ದೆ. ಅಷ್ಟರಲ್ಲಿ ಅಕ್ಕ "ಮುಟ್ಬೇಡ ಕಣ್ಲಾ, ಎಲ್ಲಾದ್ರೂ ಒಂಟೋದಾತು" ಅಂದ್ಲು. ಅಲ್ಲಿ ಬಿಸಿಲಿರಬಹುದು ಬಿಡು ಅಂದ್ಕೊಂಡು ಮಜ್ಜಿಗೆ ಮುಗಿಸಿ ಎದ್ದೆ. ಬೈಕ್ ಹತ್ತುವಾಗ ಇನ್ನೊಂದು ಸಲ ತಿರುಗಿ ನೋಡಿದೆ. ಮನೆಗೆ ಹೋಗೋಷ್ಟರಲ್ಲಿ ಮರೆತೆ.

ಅದು ಆದ ದಿನ, ಅದೇ ವರ್ಷದ ದೀಪಾವಳಿ ಕಳೆದು ಕೆಲವೇ ದಿನ ಆಗಿತ್ತು. ಬೆಳಿಗ್ಗೆಯಿಂದಲೂ ಟವರ್ ಸರಿಯಿರಲಿಲ್ಲ. ನನ್ನ ಸ್ಟುಡಿಯೋದಲ್ಲೇ ಫೋನು ಬಂದಂಗೆ ಬಂದು ಕಟ್ಟಾಗ್ತಿತ್ತು. ಹತ್ತು ನಿಮಿಷಕ್ಕೊಂದು ಸಲ ಬಾರುಗಳೆಲ್ಲ ಅಳಿಸಿಹೋಗೋದು, ಮತ್ತೆ ಬರೋದು. ಇಲ್ಲಿ ಹಿತವಾದ ಬಿಸಿಲು. ಬೆಟ್ಟದ ತಲೆ ಮಾತ್ರ ಕಾಣ್ತಿರಲಿಲ್ಲ, ಮೋಡ ಮುಚ್ಚಿಕೊಂಡಿತ್ತು. ಅದನ್ನ ನೋಡಿದೆ, ನೋಡಿ "ಅಕ್ಕ ಇದಾಳಲ್ಲ" ಅಂದ್ಕೊಂಡು ಒಳಗೆ ಹೋಗಿ ಆಲ್ಬಂ ಕೆಲಸ ಹಿಡಿದೆ. ನನ್ನ ಪೇಜ್ ಚೆನ್ನಾಗಿ ಕೆಲಸ ಮಾಡ್ತಿದೆ ಅಂತ ಖುಷಿ ಬೇರೆ. ಇಂಥಾ ದಿನದಲ್ಲೂ ಅಕ್ಕನ ಫೋನಲ್ಲಿ ಚಿತ್ರ ಓಡ್ತಾನೇ ಇರುತ್ತೆ, ಬೇರೆ ಯಾವನ ಕೈಲಾಗುತ್ತೆ ಅಂತ.

ಹೊತ್ತು ಇಳಿಯೋ ಮೊದಲು ಫೋನ್ ಬಂತು. ಹಳ್ಳ ಡ್ಯಾಮಿನ ನೀರಿಗೆ ಸೇರೋ ಕಡೆ ಬಲೆ ಬಿಡೋ ಮೀನಿನವನೊಬ್ಬ, ನನಗೆ ಮುಖ ಪರಿಚಯ. "ಅಣ್ಣಾ, ಉಡನೆ ವಾಂಗ" ಅಂದ. ಬೇಗ ಬನ್ನಿ, ಅಷ್ಟೇ. ಯಾಕೆ ಅಂತ ಕೇಳೋಷ್ಟರಲ್ಲಿ ಕಟ್ಟಾಯ್ತು. ಬೈಕ್ ಹತ್ತಿ ಕಡವಿನ ಕಡೆ ಹೊರಟೆ.

ನಾನು ಹೋದಾಗ ಹಳ್ಳ ದಡದಿಂದ ದಡಕ್ಕೆ ಕೆಂಪಗೆ ಹರೀತಿತ್ತು. ಈ ಕಡೆ ದಡದ ಮೇಲೆ ಮಂದೆಯ ಮುಂದಿನ ಕುರಿಗಳು ಒದ್ದೆಯಾಗಿ, ಒಂದಕ್ಕೊಂದು ಒತ್ತಿಕೊಂಡು ನಿಂತಿದ್ವು. ದಡದ ಮೇಲಿಂದ ಕಣ್ಣಾರೆ ಕಂಡಿದ್ದ ಮೀನಿನವನು ಎಲ್ಲಾ ಹೇಳಿದ. ಭಾವ ಹಿಂದೆ ಇದ್ರಂತೆ. ಮುಂದಿನವು ದಡ ಹತ್ತಿದ್ದವು, ನಡುವಿನವು ಮರಳಲ್ಲಿದ್ದವು, ಆಗ ಸದ್ದು ಬಂತು. ಭಾವ ಆಚೆ ದಡಕ್ಕೆ ಓಡಬಹುದಿತ್ತು, ನಾಲ್ಕು ಹೆಜ್ಜೆ. ಓಡ್ಲಿಲ್ಲ. ಕಂಬಳಿಯಲ್ಲಿ ಎರಡು ಎಳೆ ಮರಿ ಕಟ್ಕೊಂಡಿದ್ರು, ಕೋಲು ಬೀಸಿ ಬೈತಾ ಕುರಿಗಳನ್ನ ಮುಂದಕ್ಕೆ ತಳ್ತಾ ಹಳ್ಳದ ನಡುವಿಗೇ ಬಂದ್ರಂತೆ. ಕೆಳಗೆ ಜಾಲಿ ಬೇಲಿಗೆ ಸಿಕ್ಕಿಕೊಂಡಿದ್ದವರನ್ನ ಮೀನಿನವನೂ ಅವನ ತಮ್ಮನೂ ಎಳೆದು ದಡದ ಮೇಲೆ ಮಲಗಿಸಿದ್ರು. ಟವೆಲ್ ಮುಖದ ಮೇಲೆ ಹಾಕಿದ್ರು. ನಾನು ಟವೆಲ್ ತೆಗೆದು ನೋಡಿ ಮತ್ತೆ ಹಾಕಿದೆ. ಭಾವನ ಒಂದು ಕೈ ಇನ್ನೂ ಕಂಬಳಿಯ ಗಂಟು ಬಿಟ್ಟಿರಲಿಲ್ಲ.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅಕ್ಕನ ಮೇಲೆ. ಎಲ್ಲಿ ಸತ್ತಿದ್ಲು ಇವಳು, ಏನು ನೋಡ್ತಾ ಕೂತಿದ್ಲು, ಬಂಡೆ ಬುಡದಲ್ಲಿ ನೀರು ಬಂದದ್ದು ಕಾಣ್ಲಿಲ್ವಾ ಇವಳ ಕಣ್ಣಿಗೆ? ದಾರಿಯುದ್ದಕ್ಕೂ ಬೈಕೊಂಡೇ ಬೈಕ್ ಓಡಿಸಿದೆ. ಅವಳ ಮನೆ ಹೊಲದ ನಡುವೆ ಒಂಟಿ ಮನೆ, ಅವಳಿಗೆ ಇನ್ನೂ ಯಾರೂ ಹೇಳಿರಲಿಲ್ಲ. ನಾನೇ ಹೇಳಬೇಕಿತ್ತು.

ಅಕ್ಕ ಜಗಲಿ ಮೇಲೆ ಕೂತು ಮೊರದಲ್ಲಿ ರಾಗಿ ಕೇರ್ತಿದ್ಲು. ಒಳಗೆ ಒಲೆ ಮೇಲೆ ಹುರುಳಿ ಸಾರು ಕುದಿಯೋ ವಾಸನೆ. ಫೋನು ಚೊಂಬಿಗೆ ಒರಗಿತ್ತು.

"ಬಾ ಲಾ, ಕುಂತ್ಕೊ. ಯಾಕೆ ಮುಖ ಅಂಗೈತೆ? ಮಣ್ಣಲ್ಲಿ ಬಿದ್ದು ಬಂದಂಗೆ ಇದ್ದೀಯ" ಅಂದ್ಲು. ನನ್ನ ಪ್ಯಾಂಟು ಮಂಡಿವರೆಗೂ ಕೆಂಪು ಕೆಸರು. "ಭಾವ ಫೋನ್ ಮಾಡಿದ್ರಾ?" ಅಂತ ಮಾತ್ರ ಕೇಳಿದೆ.

"ಮಾಡಿದ್ರು, ಆಗ್ಲೇ. ಕಡವು ಎಂಗೈತೆ ಅಂದ್ರು, ಬಂಡೆ ನೋಡಿ ಒಣಗೈತೆ ಬನ್ನಿ ಅಂದೆ. ಇನ್ನೂ ಇಳಿದೇ ಇಲ್ಲ ನೋಡು. ಎಲ್ಲೋ ಬೀಡಿ ಹಚ್ಕೊಂಡು ಕುಂತವ್ರೆ. ನಾನು ಮಾಡಿದ್ರೆ ಫೋನು ಸ್ವಿಚ್ ಆಫ್ ಅಂತೈತೆ. ಚಾರ್ಜ್ ಆಕ್ಕೊಳ್ಳಿ ಚಾರ್ಜ್ ಆಕ್ಕೊಳ್ಳಿ ಅಂತ ಬಡ್ಕೋತೀನಿ, ಕೇಳಿದ್ರೆ ತಾನೆ?"

ನಾನು ಫೋನ್ ನೋಡಿದೆ. ಬಂಡೆ ಬೆಳ್ಳಗಿತ್ತು, ಬುಡ ಒಣಗಿತ್ತು. ಕಡವಿನ ಮರಳು ಬಿಸಿಲಲ್ಲಿ ಹಾಗೇ ಬಿದ್ದಿತ್ತು, ಒಂದು ಹನಿ ನೀರಿಲ್ಲ. ಹತ್ತೇ ನಿಮಿಷದ ಕೆಳಗೆ ನಾನು ಆ ನೀರಿನ ಪಕ್ಕದಲ್ಲಿ ನಿಂತಿದ್ದೆ. ಬೆಳಿಗ್ಗೆಯಿಂದ ಎಷ್ಟು ಸಲ ಟವರ್ ಹೋಗಿತ್ತೋ ಅಷ್ಟು ಸಲವೂ ಚಿತ್ರ ನಿಂತು, ಒಂದನ್ನೂ ಬಿಡದೆ ನಿಂತ ಕಡೆಯಿಂದ ಶುರುವಾಗಿ, ಹಿಂದಕ್ಕೆ ಹಿಂದಕ್ಕೆ ಬಿದ್ದು ಮುಕ್ಕಾಲು ಗಂಟೆ ಹಿಂದಕ್ಕೆ ಹೋಗಿತ್ತು. ಅಕ್ಕನ ಕಣ್ಣಿನಲ್ಲಿ ತಪ್ಪಿರಲಿಲ್ಲ. ತನಗೆ ಏನು ಕಂಡಿತೋ ಅದನ್ನೇ ಹೇಳಿದ್ಲು. ಅವಳಿಗೆ ಅದನ್ನ ತೋರಿಸಿದ್ದು ನಾನು.

ಜಗಲಿ ಮೇಲೆ ಕೂತೆ. ಹೇಳು, ಈಗ ಹೇಳು ಅಂತ ಒಳಗಿಂದ ಯಾರೋ ನೂಕ್ತಿದ್ರು. ಅಕ್ಕ ಅಂತ ಕರೆದೆ. "ಏನ್ಲಾ" ಅಂದ್ಲು. ಅವಳು ಮೊರ ತಟ್ಟಿ ಹೊಟ್ಟು ಊದಿದಳು.

ಊದಿ ತಲೆ ಎತ್ತಿದವಳೇ ನಕ್ಕಳು. "ಅಗೋ, ಬಂದ್ರು!"

ಫೋನಿನಲ್ಲಿ ಜಾಲಿ ನಡುವಿಂದ ಟಗರು ಹೊರಗೆ ಬಂತು. ಅದರ ಹಿಂದೆ ಒಂದು, ಎರಡು, ಆಮೇಲೆ ಸಾಲು ಸಾಲು ಮರಳಿಗೆ ಇಳಿದವು. ಎಲ್ಲಕ್ಕಿಂತ ಹಿಂದೆ ಭಾವ. ಚಿತ್ರ ಒಂದು ಗಳಿಗೆ ಮಸುಕಾಗಿ ಮತ್ತೆ ತಿಳಿಯಾಯ್ತು. ಹೆಗಲಿಗೆ ಕಂಬಳಿ ಗಂಟು, ಕೈಯಲ್ಲಿ ಕೋಲು, ಬಲಗಾಲು ಸ್ವಲ್ಪ ಎಳೆದು ಹಾಕೋ ನಡಿಗೆ. ಬಾಯಿ ಆಡ್ತಿತ್ತು, ಯಾವುದೋ ಕುರಿಗೆ ಬೈತಿದ್ರು.

"ಕಂಬಳೀಲಿ ಮರಿ ಕಟ್ಕೊಂಡವ್ರೆ ನೋಡ್ಲಾ" ಅಂದ್ಲು ಅಕ್ಕ. "ಮಂಡಿ ನೋವು ಅಂತಾರೆ, ಎರಡೆರಡು ಮರಿ ಒತ್ಕೊಂಡು ಬತ್ತಾರೆ. ಇರು, ಬಂದ ಕೂಡ್ಲೇ ಬೈಯ್ತೀನಿ. ನೀನೂ ಉಂಡ್ಕೊಂಡು ಓಗು, ಸಾರು ಆಗೈತೆ."

ಆ ಕಡೆ ಬಂಡೆಯ ಬುಡದಲ್ಲಿ ಆಗಲೇ ಕೆಂಪು ನೀರು ಬಂದಿತ್ತು. ಅವಳು ಬಂಡೆ ನೋಡ್ತಿರಲಿಲ್ಲ, ಗಂಡನ್ನ ನೋಡ್ತಿದ್ಲು. ಭಾವ ಮರಳಿಗೆ ಕಾಲಿಟ್ರು.

ನಾನು ಕೈ ಚಾಚಿ ಫೋನ್ ಎತ್ಕೊಂಡು ಆಫ್ ಮಾಡಿದೆ.

"ಯಾಕ್ಲಾ ನಿಲ್ಸಿದೆ?" ಅಂದ್ಲು ಅಕ್ಕ. "ಅವ್ರಿನ್ನೂ ದಾಟಿಲ್ಲ ಕಣ್ಲಾ."